ನಮ್ಮ ಕೆಲಸಕ್ಕೆ ಲೆಕ್ಕದ ಪುಸ್ತಕದಲ್ಲಿ ಹೆಸರೇ ಇರಲಿಲ್ಲ

ನಕ್ಷೆ ಮಾಡುವ ಕಂಪನಿಯಲ್ಲಿ ನನಗೆ ಹದಿನಾಲ್ಕು ವರ್ಷ ಆಯಿತು. ಸರ್ವೆ, ಡ್ರೋನ್ ಚಿತ್ರ, ಜಿಐಎಸ್ (ಜಾಗಗಳ ಮಾಹಿತಿಯನ್ನು ನಕ್ಷೆಗೆ ಜೋಡಿಸುವ ಕಂಪ್ಯೂಟರ್ ವ್ಯವಸ್ಥೆ) ಎಲ್ಲ ಮೇಜುಗಳಲ್ಲೂ ಒಂದಷ್ಟು ಕಾಲ ಕೂತು ಬಂದವನು. ಕಳೆದ ವರ್ಷ ಒಂದು ಕಾಲೇಜಿನವರು ಜಿಯೋಸ್ಪೇಷಿಯಲ್, ಅಂದರೆ ಇಂಥ ಸರ್ವೆ, ನಕ್ಷೆ ಕೆಲಸಗಳ ಕೋರ್ಸ್ ಶುರು ಮಾಡುವ ಯೋಚನೆಯಲ್ಲಿದ್ದರು. ಈ ಕ್ಷೇತ್ರದಲ್ಲಿ ಎಷ್ಟು ಜನ ಇದ್ದಾರೆ, ಸಂಬಳ ಎಷ್ಟು, ಎಂಥ ಕೆಲಸ ಗೊತ್ತಿರುವವರು ಸಿಗುತ್ತಿಲ್ಲ, ಒಂದು ಟಿಪ್ಪಣಿ ಬರೆದುಕೊಡಿ ಅಂತ ಕೇಳಿದರು. ಸರ್ಕಾರದ ಅಂಕಿಅಂಶ ತೆಗೆದು ಜೋಡಿಸಿದರಾಯಿತು, ಎರಡು ದಿನದ ಕೆಲಸ ಅಂದುಕೊಂಡು ಒಪ್ಪಿಕೊಂಡೆ.

ಮೂರು ವಾರ ಹಿಡಿಯಿತು. ಆಮೇಲೂ ಮೊದಲನೇ ಪ್ರಶ್ನೆಗೇ ಉತ್ತರ ಸಿಗಲಿಲ್ಲ.

ಸರ್ಕಾರಗಳು ಉದ್ಯಮಗಳನ್ನು ಎಣಿಸುವುದು ಕೋಡ್ ಇಟ್ಟುಕೊಂಡು. ವಿಶ್ವಸಂಸ್ಥೆಯ ಐಎಸ್‌ಐಸಿ ಅಂತ ಒಂದು ಪಟ್ಟಿ ಇದೆ. ಎಷ್ಟೋ ದೇಶಗಳು ತಮ್ಮ ಪಟ್ಟಿಯನ್ನು ಅದರ ಮೇಲೇ ಕಟ್ಟಿಕೊಂಡಿವೆ. 2008ರಲ್ಲಿ ಬಂದ ಅದರ ನಾಲ್ಕನೇ ಪರಿಷ್ಕರಣೆಯಲ್ಲಿ ಸರ್ವೆ ಮತ್ತು ನಕ್ಷೆ ಕೆಲಸ 7110 ಅನ್ನೋ ಕೋಡ್‌ಗೆ ಸೇರುತ್ತದೆ. ಕಟ್ಟಡದ ವಿನ್ಯಾಸ ಮಾಡುವವರು, ಎಂಜಿನಿಯರಿಂಗ್ ಸಲಹೆ ಕೊಡುವವರು ಕೂಡ ಅದೇ ಕೋಡ್‌ನಲ್ಲಿದ್ದಾರೆ. ಒಂದೇ ಚೀಲಕ್ಕೆ ಸುರಿದ ಕಾಳಿನ ಹಾಗೆ. ಚೀಲದ ತೂಕ ಗೊತ್ತು, ನಮ್ಮ ಕಾಳು ಎಷ್ಟು ಅಂತ ಗೊತ್ತಿಲ್ಲ.

ಉತ್ತರ ಅಮೆರಿಕದ ಪಟ್ಟಿ ಸ್ವಲ್ಪ ವಾಸಿ. ಅಲ್ಲಿ ಸರ್ವೆ ಮತ್ತು ನಕ್ಷೆ ಸೇವೆಗೆ 541370 ಅಂತ ಬೇರೆ ಕೋಡೇ ಇದೆ. ಆದರೆ ಜಿಐಎಸ್ ಸಾಫ್ಟ್‌ವೇರ್ ಬರೆಯುವ ಕಂಪನಿ ಸಾಫ್ಟ್‌ವೇರ್ ಲೆಕ್ಕಕ್ಕೆ ಹೋಗುತ್ತದೆ. ವಿದ್ಯುತ್ ಕಂಪನಿಯೊಳಗೆ ಕೂತು ಕಂಬ, ತಂತಿಗಳ ನಕ್ಷೆ ನೋಡಿಕೊಳ್ಳುವವನು ವಿದ್ಯುತ್ ಉದ್ಯಮದ ಲೆಕ್ಕಕ್ಕೆ. ಸರ್ಕಾರಿ ನಕ್ಷೆ ಇಲಾಖೆಯ ನೌಕರ ಆಡಳಿತದ ಲೆಕ್ಕಕ್ಕೆ. ನನಗೆ ಆಗ ಹೊಳೆದ ಮುಖ್ಯ ವಿಷಯ ಇದು: ನಮ್ಮ ಕೆಲಸ ಬರೀ ನಮ್ಮ ಉದ್ಯಮದಲ್ಲಿಲ್ಲ, ಬೇರೆ ಎಲ್ಲ ಉದ್ಯಮಗಳ ಒಳಗೂ ಹರಡಿಕೊಂಡಿದೆ. ಕಂಪನಿಗಳನ್ನು ಮಾತ್ರ ಎಣಿಸಿದರೆ ಅವರು ಯಾರೂ ಲೆಕ್ಕಕ್ಕೆ ಸಿಗುವುದಿಲ್ಲ.

ಸರಿ, ಕಂಪನಿ ಬಿಟ್ಟು ಹುದ್ದೆಗಳನ್ನು ನೋಡೋಣ ಅಂದುಕೊಂಡೆ. ಅಲ್ಲೂ ಅದೇ ಕಥೆ. ಅಮೆರಿಕದ ಹುದ್ದೆಗಳ ಪಟ್ಟಿಯಲ್ಲಿ ಸರ್ವೇಯರ್‌ಗೆ ಜಾಗ ಇದೆ, ನಕ್ಷೆಗಾರರು ಮತ್ತು ಫೋಟೋಗ್ರಾಮೆಟ್ರಿಯವರಿಗೆ (ಚಿತ್ರಗಳಿಂದ ನೆಲದ ಅಳತೆ ತೆಗೆಯುವವರು) ಜಾಗ ಇದೆ. ಜಿಐಎಸ್ ತಂತ್ರಜ್ಞರಿಗೆ? 'ಇತರೆ ಕಂಪ್ಯೂಟರ್ ಹುದ್ದೆಗಳು' ಅನ್ನೋ 15-1299ರ ಕೆಳಗೆ ಒಂದು ಉಪಸಂಖ್ಯೆ. ಅವರ ಸಂಬಳ ಅಂತ ಅಲ್ಲಿ ತೋರಿಸುವುದು ಆ 'ಇತರೆ' ಗುಂಪಿನ ಸಂಬಳವನ್ನು. ಕೋರ್ಸ್‌ಗೆ ಸೇರಬೇಕೋ ಬೇಡವೋ ಅಂತ ಯೋಚಿಸುವ ಹುಡುಗ ಹುಡುಗಿಯರು ಆ ಅಂಕಿ ನೋಡಿ ತೀರ್ಮಾನ ಮಾಡಿದರೆ ಹೇಗೆ? ಅದು ಅವರ ಬದುಕಿನ ಪ್ರಶ್ನೆ. ನನಗೆ ನಿಜಕ್ಕೂ ಬೇಜಾರಾಯಿತು.

ಇಷ್ಟೆಲ್ಲ ಆದ ಮೇಲೆ, ನಾವೇ ಏನು ಬರೆದು ಕಳಿಸುತ್ತಿದ್ದೇವೆ ನೋಡೋಣ ಅನ್ನಿಸಿತು. ಅಕೌಂಟ್ಸ್ ನೋಡಿಕೊಳ್ಳುವವರ ಹತ್ತಿರ ಹೋಗಿ ಅಂಕಿಅಂಶ ಇಲಾಖೆಗೆ ಕಳಿಸಿದ ಹಳೇ ಫಾರಂಗಳ ಫೈಲ್ ಕೇಳಿದೆ. 'ಮುಖ್ಯ ಚಟುವಟಿಕೆ' ಅಂತ ಒಂದು ಉದ್ದನೆಯ ಚೌಕ. ಅದರಲ್ಲಿ ಎರಡೇ ಪದ: ಸಾಫ್ಟ್‌ವೇರ್ ಸೇವೆ. ಹಿಂದಿನ ವರ್ಷದ್ದು ತೆಗೆದೆ, ಅದೇ. ಅದರ ಹಿಂದಿನದ್ದು, ಅದೇ.

"ಯಾರೋ ಮೊದಲು ಹಾಗೆ ಬರೆದಿದ್ದರು ಸರ್. ನೋಡಿಕೊಂಡು ಬರೀತಾ ಬಂದೆ" ಅಂದರು. ಅವರದ್ದೇನು ತಪ್ಪು? ಕೆಳಗೆ ಸಹಿ ನನ್ನದಿತ್ತು. ಬಿಸಿಲಲ್ಲಿ ಸರ್ವೆ ಕೋಲು ಹಿಡಿದು ಅಳತೆ ತೆಗೆಯುವವರು, ಡ್ರೋನ್ ಹಾರಿಸುವವರು ಸೇರಿ ನಮ್ಮ ಅರವತ್ತೆರಡು ಜನರೂ ವರ್ಷಗಟ್ಟಲೆ ಸಾಫ್ಟ್‌ವೇರ್ ಕೆಲಸಗಾರರಾಗಿ ಎಣಿಕೆಯಾಗಿದ್ದರು. ಸರ್ಕಾರದ ಲೆಕ್ಕ ಸರಿಯಿಲ್ಲ ಅಂತ ನಾನು ಮೂರು ವಾರ ದೂರುತ್ತಿದ್ದೆನಲ್ಲ, ಆ ಲೆಕ್ಕಕ್ಕೆ ನಾನೇ ಕೊಟ್ಟ ಅಂಕಿ ಇದು.

ಅದೇ ವಾರ ನೇಮಕಾತಿ ಪತ್ರಗಳನ್ನೂ ತೆಗೆಸಿದೆ. ನಮ್ಮಲ್ಲಿ ಒಬ್ಬರು ಹೆಣ್ಣುಮಗಳು ಇದ್ದಾರೆ. ಒಂಬತ್ತು ವರ್ಷದಿಂದ ಸ್ಟೀರಿಯೋ ಕೆಲಸ ಮಾಡುತ್ತಾರೆ. 3ಡಿ ಕನ್ನಡಕ ಹಾಕಿಕೊಂಡು, ಜೋಡಿ ಚಿತ್ರದಲ್ಲಿ ಗುಡ್ಡ ಎದ್ದು ಕಾಣುವಾಗ, ಕರ್ಸರ್‌ನ ಚುಕ್ಕಿಯನ್ನು ಸರಿಯಾಗಿ ನೆಲಕ್ಕೆ ತಾಗಿಸಿ, ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ ಎಳೆಯಬೇಕು. ಚುಕ್ಕಿ ಒಂಚೂರು ಮೇಲೆ ತೇಲಿದರೂ ಗೆರೆ ತಪ್ಪು. ಅದು ಕಣ್ಣಿಗೆ ಪಳಗಲು ತಿಂಗಳುಗಳು ಬೇಕು. ಅವರ ಪತ್ರದಲ್ಲಿದ್ದ ಹುದ್ದೆ: ಡೇಟಾ ಎಂಟ್ರಿ ಆಪರೇಟರ್.

ಕರೆದು ಕೇಳಿದೆ. "ಗೊತ್ತು ಸರ್" ಅಂದರು. "ಬೇರೆ ಕಡೆ ಇಂಟರ್‌ವ್ಯೂಗೆ ಹೋದಾಗ ಟೈಪಿಂಗ್ ಸ್ಪೀಡ್ ಕೇಳಿದ್ರು." ಒಂಬತ್ತು ವರ್ಷದ ಕೈಚಳಕವನ್ನು ಒಂದು ತಪ್ಪು ಪದ ನುಂಗಿಹಾಕಿತ್ತು. ಯಾರಾದರೂ ಹುದ್ದೆಗಳ ಸಮೀಕ್ಷೆ ಮಾಡಿದರೂ ಅವರು ಡೇಟಾ ಎಂಟ್ರಿಯ ಸಾಲಿಗೇ ಸೇರುತ್ತಿದ್ದರು. ಸಂಬಳದ ಸರಾಸರಿಯೂ ಅಲ್ಲಿಗೇ.

ಅವರ ಪತ್ರ ಬದಲಾಯಿಸಲು ಒಂದು ವಾರ ಸಾಕಾಯಿತು. ಉಳಿದವರದ್ದನ್ನೂ ತಿದ್ದಿದೆವು. ಒಂದೇ ಕೆಲಸಕ್ಕೆ ನಮ್ಮಲ್ಲಿ ಏಳು ಹೆಸರುಗಳಿದ್ದವು.

ಸರ್ಕಾರದ ಕಡೆಯಿಂದ ಏನಾಗಬೇಕು ಅನ್ನುವುದೂ ಈಗ ನನಗೆ ಸ್ಪಷ್ಟವಿದೆ. 'ಸ್ಯಾಟಲೈಟ್ ಅಕೌಂಟ್' ಅನ್ನೋ ಪದ್ಧತಿ ಇದೆ. ಆಕಾಶದ ಉಪಗ್ರಹಕ್ಕೂ ಇದಕ್ಕೂ ಸಂಬಂಧ ಇಲ್ಲ. ದೇಶದ ಮುಖ್ಯ ಲೆಕ್ಕದ ಪಕ್ಕದಲ್ಲಿ ಇಡುವ ಇನ್ನೊಂದು ಲೆಕ್ಕ ಅದು. ಪ್ರವಾಸೋದ್ಯಮವನ್ನು ಹೀಗೇ ಎಣಿಸುತ್ತಾರೆ. ಹೋಟೆಲ್, ಬಸ್ಸು, ವಿಮಾನ ಎಲ್ಲ ಬೇರೆ ಬೇರೆ ಉದ್ಯಮ, ಆದರೆ ಪ್ರವಾಸಿಗಾಗಿ ಆದ ಪಾಲನ್ನು ಒಂದು ಕಡೆ ಕೂಡಿಸುತ್ತಾರೆ. ಅಮೆರಿಕದ ಆರ್ಥಿಕ ವಿಶ್ಲೇಷಣಾ ಬ್ಯೂರೋ ಬಾಹ್ಯಾಕಾಶ ಆರ್ಥಿಕತೆಗೂ ಇಂಥ ಲೆಕ್ಕ ಮಾಡಿದೆ. ಹರಡಿಕೊಂಡಿರುವ ನಮ್ಮ ಕ್ಷೇತ್ರಕ್ಕೆ ಇದಕ್ಕಿಂತ ಹೊಂದುವ ದಾರಿ ನನಗೆ ಕಂಡಿಲ್ಲ.

ಬಿಡಿ ಅಧ್ಯಯನಗಳಿಂದ ಉಪಯೋಗ ಇಲ್ಲ ಅಂತಲ್ಲ. ಅಮೆರಿಕದ ಮಾನಕ ಸಂಸ್ಥೆ ಮಾಡಿಸಿದ ಒಂದು ಅಧ್ಯಯನ 2019ರಲ್ಲಿ ಬಂತು. ಜಿಪಿಎಸ್‌ನಿಂದ 1980ರ ದಶಕದಿಂದ 2017ರವರೆಗೆ ಆ ದೇಶಕ್ಕೆ ಸುಮಾರು 1.4 ಲಕ್ಷ ಕೋಟಿ ಡಾಲರ್ ಲಾಭವಾಗಿದೆ ಅಂತ ಅದು ಹೇಳಿತು. ದೊಡ್ಡ ಮಾತು. ಆದರೆ ಅದು ಒಂದು ಸಲ ತೆಗೆದ ಫೋಟೋ. ಕಾಲೇಜು ತೆರೆಯುವವರಿಗೆ, ಟೆಂಡರ್ ದರ ನಿಗದಿ ಮಾಡುವವರಿಗೆ ಬೇಕಾಗುವುದು ಪ್ರತಿ ವರ್ಷ, ಒಂದೇ ಅಳತೆಗೋಲಿನಲ್ಲಿ ಸಿಗುವ ಸಂಖ್ಯೆ.

ಈ ವರ್ಷದ ಫಾರಂ ನಾನೇ ಕೂತು ತುಂಬಿಸಿದೆ. ಚೌಕದಲ್ಲಿ ಜಾಗ ಸಾಲದೆ ಇನ್ನೊಂದು ಹಾಳೆ ಲಗತ್ತಿಸಿ, ಯಾವ ಕೆಲಸದಲ್ಲಿ ಎಷ್ಟು ಜನ ಅಂತ ಬರೆದೆ. ಹದಿನೈದು ದಿನ ಬಿಟ್ಟು ಇಲಾಖೆಯಿಂದ ಫೋನ್ ಬಂತು. ನಿಮ್ಮ ಹಾಳೆಗೆ ಯಾವ ಕೋಡ್ ಹಾಕಬೇಕು ತಿಳಿಯುತ್ತಿಲ್ಲ ಅಂತ ಕೇಳಿದರು. ಮುಕ್ಕಾಲು ಗಂಟೆ ಮಾತಾಡಿದೆವು. ಆ ಅಧಿಕಾರಿ ತಾಳ್ಮೆಯಿಂದ ಎಲ್ಲವನ್ನೂ ಬರೆದುಕೊಂಡರು. ಕೊನೆಗೆ, "ಈ ಸ್ಟೀರಿಯೋ ಕೆಲಸ ಮಾಡೋರು ಒಟ್ಟು ಎಷ್ಟು ಜನ ಇರಬಹುದು?" ಅಂದರು.

ನಮ್ಮಲ್ಲಿ ಹನ್ನೊಂದು ಜನ ಅಂದೆ. ನನಗೆ ಗೊತ್ತಿದ್ದದ್ದು ಅಷ್ಟೇ.