ಎಂಜಿನಿಯರಿಂಗ್ ಮೊದಲ ಸೆಮ್: ಓದುವುದಕ್ಕಿಂತ ಬರೆದು ನೋಡಿ

ಪಿಯುಸಿಯಲ್ಲಿ ತೊಂಬತ್ತರ ಮೇಲೆ ತೆಗೆದವರೂ ಎಂಜಿನಿಯರಿಂಗ್ ಮೊದಲ ಸೆಮ್‌ನಲ್ಲಿ ಗಣಿತದಲ್ಲಿ ಫೇಲಾಗಿ ಬ್ಯಾಕ್ ಉಳಿಸಿಕೊಳ್ಳುವುದು ಹೊಸದೇನಲ್ಲ. ಅಲ್ಲಿ ಒಂದೇ ಪಾಠವನ್ನು ಕಾಲೇಜಿನಲ್ಲೊಮ್ಮೆ, ಟ್ಯೂಷನ್‌ನಲ್ಲೊಮ್ಮೆ ಅರೆದು ಕುಡಿಸಿರುತ್ತಾರೆ. ಇಲ್ಲಿ ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಪ್ರತಿ ವಿಷಯದ ಐದು ಮಾಡ್ಯೂಲ್ (ಪಾಠಭಾಗ) ಓಡಿ ಮುಗಿದಿರುತ್ತವೆ. ಪರೀಕ್ಷೆಯ ಹಿಂದಿನ ರಾತ್ರಿ ಝೆರಾಕ್ಸ್ ನೋಟ್ಸ್ ತಿರುವಿ ಹಾಕುವ ಪದ್ಧತಿ ಕೈಕೊಡುವುದು ಆಗಲೇ.

ಮೊದಲು ಅಂಕದ ಲೆಕ್ಕ ತಿಳಿದಿರಲಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮ್‌ನಲ್ಲಿ ಇಂಟರ್ನಲ್ಸ್‌ಗೆ (ಸೆಮ್ ನಡುವೆ ಕಾಲೇಜೇ ಕೊಡುವ ಅಂಕ) 50, ಸೆಮ್ ಪರೀಕ್ಷೆಗೆ 50. ಥಿಯರಿ ಪರೀಕ್ಷೆ ಬರೆಯುವುದು 100ಕ್ಕೆ, ಅದನ್ನು 50ಕ್ಕೆ ಇಳಿಸುತ್ತಾರೆ. ಇಂಟರ್ನಲ್ಸ್‌ನಲ್ಲಿ ಕನಿಷ್ಠ 20, ಪರೀಕ್ಷೆಯಲ್ಲಿ 18, ಎರಡೂ ಸೇರಿ 40 ಬೇಕು. ಇಂಟರ್ನಲ್ಸ್‌ನಲ್ಲಿ ಬರೀ 20 ಬಂದವರಿಗೆ ಪರೀಕ್ಷೆಯ 18 ಸಾಲದು, ಕೂಡಿದರೆ 38. ಹೀಗೆ ಎರಡು ಅಂಕಕ್ಕೆ ಸಿಕ್ಕಿಬೀಳುವವರು ಇದ್ದಾರೆ.

ಪ್ರತಿ ಮಾಡ್ಯೂಲ್‌ನಿಂದ 20 ಅಂಕದ ಎರಡು ಪ್ರಶ್ನೆ ಬರುತ್ತವೆ, ಒಂದನ್ನು ಬರೆಯಬೇಕು. ಹಾಗಾಗಿ ಒಂದು ಮಾಡ್ಯೂಲ್ ಪೂರ್ತಿ ಬಿಟ್ಟರೆ 20 ಅಂಕ ಅಲ್ಲೇ ಹೋಯಿತು. ಗಣಿತದಲ್ಲಿ ಜನ ಬಿಡುವುದು ಸಾಮಾನ್ಯವಾಗಿ ಕೊನೆಯದನ್ನು. ಈ ಸ್ಕೀಮ್‌ನಲ್ಲಿ ಅದು ಲೀನಿಯರ್ ಆಲ್ಜಿಬ್ರಾ (ಮ್ಯಾಟ್ರಿಕ್ಸ್ ಲೆಕ್ಕಗಳು), ನನ್ನ ಪ್ರಕಾರ ಐದರಲ್ಲಿ ಸಲೀಸಾದದ್ದು!

ಇನ್ನು ಓದುವ ಬಗೆ. ಪಾಠವಾದ ದಿನವೇ ಸಂಜೆ ಇಪ್ಪತ್ತು ನಿಮಿಷ, ನೋಟ್ಸ್ ಮುಚ್ಚಿಟ್ಟು ಖಾಲಿ ಹಾಳೆಯ ಮೇಲೆ ಆ ದಿನದ್ದನ್ನು ನೆನಪಿನಿಂದ ಬರೆಯಿರಿ. ಆಮೇಲೆ ನೋಟ್ಸ್ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ತುಂಬಿ. ಮೂರನೇ ದಿನ ಕೆಂಪು ಭಾಗವನ್ನಷ್ಟೇ ಮತ್ತೆ ನೆನಪಿನಿಂದ ಬರೆಯಿರಿ, ವಾರದ ನಂತರ ಇನ್ನೊಮ್ಮೆ. ಮೊದಮೊದಲು ಹಾಳೆ ಅರ್ಧವೂ ತುಂಬುವುದಿಲ್ಲ, ಅದಕ್ಕೇ ಹೆಚ್ಚಿನವರು ಎರಡನೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಮತ್ತೆ ಮತ್ತೆ ಓದಿದಾಗ ಎಲ್ಲ ಗೊತ್ತಿದೆ ಅನ್ನಿಸುತ್ತದಲ್ಲ, ಅದು ಪುಟದ ಪರಿಚಯ ಅಷ್ಟೇ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದು ಕೇಳಿದಾಗ ನೆನಪಿನಿಂದ ಬರೆದವರು ಅವರನ್ನು ಹಿಂದೆ ಹಾಕಿದ್ದರು.

ಗಣಿತಕ್ಕೆ ಹಾಳೆಯ ಬದಲು ಲೆಕ್ಕ. ಮಾಡಿತೋರಿಸಿದ ಲೆಕ್ಕವನ್ನು ಕಣ್ಣಲ್ಲಿ ಓದಿ ಮುಂದೆ ಹೋಗಬೇಡಿ, ಉತ್ತರ ಮುಚ್ಚಿ ನೀವೇ ಮಾಡಿ. ತಪ್ಪು ಬಂದರೆ ಯಾವ ಸಾಲಿನಲ್ಲಿ ಅಂತ ಹುಡುಕಿ ಬೇರೆ ನೋಟ್‌ಬುಕ್‌ನಲ್ಲಿ ಬರೆದಿಡಿ. ಮ್ಯಾಟ್ರಿಕ್ಸ್‌ನಲ್ಲಿ ಮೂರನೇ ಸಾಲಿನಿಂದ ಮೊದಲ ಸಾಲಿನ ಎರಡರಷ್ಟು ಕಳೆಯುವಾಗ ಮೊದಲ ಸಾಲಿನಲ್ಲಿ −3 ಇದ್ದರೆ 6 ಕೂಡಬೇಕು, ಕೈ ತಾನಾಗಿ ಕಳೆದುಬಿಡುತ್ತದೆ. ಇಂಥ ಒಂದು ಚಿಹ್ನೆ ತಪ್ಪಿದರೆ ಮ್ಯಾಟ್ರಿಕ್ಸ್‌ನ ರ‍್ಯಾಂಕ್ 2 ಬರಬೇಕಾದಲ್ಲಿ 3 ಬಂದು ಕೂರುತ್ತದೆ. ಇಂಟರ್ನಲ್ಸ್‌ನ ಬ್ಲೂ ಬುಕ್ (ಉತ್ತರ ಪುಸ್ತಿಕೆ) ವಾಪಸ್ ಕೊಟ್ಟಾಗ ಅಂಕ ನೋಡಿ ಮಡಚಿಡದೆ, ಅಲ್ಲಿನ ತಪ್ಪುಗಳನ್ನೂ ಇದೇ ನೋಟ್‌ಬುಕ್‌ಗೆ ಇಳಿಸಿ.

ಟೈಮ್‌ಟೇಬಲ್‌ನಲ್ಲಿ 'ಆರರಿಂದ ಒಂಬತ್ತು ಗಣಿತ' ಅಂತ ಬರೆದರೆ ಮೂರು ಗಂಟೆ ಕೂತಿದ್ದೇ ಸಾಧನೆಯಾಗುತ್ತದೆ. 'ಮಾಡ್ಯೂಲ್ 2, ನಾಲ್ಕು ಲೆಕ್ಕ' ಅಂತ ಬರೆಯಿರಿ, ಮುಗಿದ ಮೇಲೆ ಏಳಿ. ಫೋನ್ ಬೇರೆ ಕೋಣೆಯಲ್ಲಿರಲಿ, ಹಾಸ್ಟೆಲಾದರೆ ಬೀರುವಿನೊಳಗೆ. ಗ್ರೂಪ್ ಸ್ಟಡಿ ಮೂವರಿಗೆ ಮೀರಿದರೆ ಹರಟೆಯೇ. ಅದೂ ಒಬ್ಬರು ಬೋರ್ಡ್ ಮುಂದೆ ನಿಂತು ವಿವರಿಸಿ, ಉಳಿದಿಬ್ಬರು ಪ್ರಶ್ನೆ ಕೇಳುವಂತಿರಬೇಕು.

ಕೊನೆಯ ಮೂರು ವಾರ ಹಳೆಯ ಪ್ರಶ್ನೆಪತ್ರಿಕೆಗಳಿಗೆ. 180 ನಿಮಿಷಕ್ಕೆ ಐದು ಪ್ರಶ್ನೆ, ತಲಾ 36 ನಿಮಿಷ. ಪ್ರಶ್ನೆ ಓದಿ ಆರಿಸಿಕೊಳ್ಳುವುದಕ್ಕೂ ಕೊನೆಗೆ ತಿರುಗಿ ನೋಡುವುದಕ್ಕೂ ಸಮಯ ಬೇಕಲ್ಲ, 32ಕ್ಕೆ ಮುಗಿಸುವ ರೂಢಿ ಮಾಡಿಕೊಳ್ಳಿ. ಮೊದಲ ಪತ್ರಿಕೆಯಲ್ಲಿ ನಾಲ್ಕನೇ ಪ್ರಶ್ನೆಗೇ ಗಂಟೆ ಹೊಡೆಯಬಹುದು, ಮೂರನೆಯ ಪತ್ರಿಕೆಯ ಹೊತ್ತಿಗೆ ಕೈ ಪಳಗಿರುತ್ತದೆ.