ಸೋಪಿನ ಊರಿನಲ್ಲಿ ಸಿಂಧನೂರಿನ ಕಾಲುವೆ

ಇಂಗ್ಲೆಂಡಿನ ಲಿವರ್‌ಪೂಲ್‌ನಿಂದ ಮರ್ಸಿ ನದಿ ದಾಟಿದರೆ ಪೋರ್ಟ್ ಸನ್‌ಲೈಟ್ ಅಂತ ಒಂದು ಊರಿದೆ. ಹೌದು, ನಮ್ಮ ಸನ್‌ಲೈಟ್ ಸೋಪಿನದೇ ಹೆಸರು. ವಿಲಿಯಂ ಲೀವರ್ ತನ್ನ ಸೋಪಿನ ಕಾರ್ಖಾನೆಗೂ ಅಲ್ಲಿನ ಕೆಲಸಗಾರರಿಗೂ ಅಂತ 1888ರಲ್ಲಿ ಈ ಊರು ಕಟ್ಟಲು ಶುರು ಮಾಡಿದ. ಅದೇ ವರ್ಷ ಆ ಸೋಪಿನ ಪೆಟ್ಟಿಗೆಗಳು ಕಲ್ಕತ್ತಾ ಬಂದರಿನಲ್ಲೂ ಇಳಿದವು. ನನ್ನ ಮನೆ ಇಲ್ಲಿಂದ ದೂರವಿಲ್ಲ. ಊರಿನಿಂದ ಯಾರೇ ಬಂದರೂ ಇಲ್ಲಿಗೆ ಕರೆದುಕೊಂಡು ಬರುತ್ತೇನೆ.

ಲೀವರ್ ತನ್ನ ಹೆಂಡತಿಯ ನೆನಪಿಗೆ ಕಟ್ಟಿಸಿದ ಚಿತ್ರಶಾಲೆ ಇಲ್ಲಿದೆ. 1922ರಲ್ಲಿ ತೆರೆದದ್ದು, ಒಳಗೆ ಹೋಗಲು ದುಡ್ಡಿಲ್ಲ. ಅಲ್ಲಿ ಫ್ರಿತ್ ಎಂಬ ಕಲಾವಿದ ಬರೆದ ಪುಟ್ಟ ಹುಡುಗಿಯ ಚಿತ್ರವಿದೆ. ಹೊಸ ಬಿಳಿ ಫ್ರಾಕನ್ನು ಕೈಯಲ್ಲಿ ಎತ್ತಿ ಹಿಡಿದು, ನೋಡಿ ಅಂತ ತೋರಿಸುತ್ತಾ ನಿಂತಿದ್ದಾಳೆ. ಕಲಾವಿದ ಬರೆದದ್ದು ಹೊಸ ಬಟ್ಟೆಯ ಖುಷಿಯನ್ನು. ಲೀವರ್ 1889ರಲ್ಲಿ ಚಿತ್ರ ಕೊಂಡು, 'ಎಷ್ಟು ಸ್ವಚ್ಛ' ಅಂತ ಬರೆಸಿ, ಸೋಪಿನ ಜಾಹೀರಾತು ಮಾಡಿಬಿಟ್ಟ. ಫ್ರಿತ್‌ಗೆ ಅದು ಹಿಡಿಸಲಿಲ್ಲ. ನನಗೆ ಕಾಡುವುದು ಬೇರೆ. ಆ ಫ್ರಾಕು ಒಗೆದ ಕೈ ಎಲ್ಲಿ?

ಅದೇ ಕಾಲದ ಸನ್‌ಲೈಟ್‌ನ ಇನ್ನೊಂದು ಜಾಹೀರಾತು ನೇರವಾಗಿ ಕೇಳುತ್ತಿತ್ತು: ಗಂಡಸಿಗಿಂತ ಹೆಂಗಸು ಬೇಗ ಮುದುಕಿಯಾಗಿ ಕಾಣುವುದೇಕೆ? ಬಟ್ಟೆ ಒಗೆದೂ ಒಗೆದೂ ಸವೆಯುತ್ತಾಳೆ, ನಮ್ಮ ಸೋಪು ಕೊಂಡರೆ ಆ ಕಷ್ಟ ಇಲ್ಲ ಅನ್ನುವುದು ಅದರ ಉತ್ತರ. ಕಷ್ಟ ನಿಜವೇ. ಆದರೆ ಆ ಬಕೆಟ್ಟಿಗೆ ಗಂಡಸೂ ಕೈ ಹಾಕಬಹುದು ಅಂತ ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ಮುಂದಿನ ಕಾಲದ ಜಾಹೀರಾತುಗಳಲ್ಲಿ ಹೆಂಗಸಿನ ದಣಿವೂ ಮಾಯವಾಯಿತು. ಅಮೆರಿಕದಲ್ಲಿ 1953ರ ಒಂದು ಜಾಹೀರಾತು ಕೆಚಪ್ ಬಾಟಲಿಯ ಹೊಸ ಮುಚ್ಚಳ ತೋರಿಸಿ, 'ಅಂದರೆ ಇದನ್ನು ಹೆಂಗಸೂ ತೆಗೆಯಬಹುದಾ?' ಅಂದಿತು. ಇಲ್ಲಿ ಬ್ರಿಟನ್ನಿನ ಟಿವಿಯಲ್ಲಿ 1958ರಿಂದ, ಅಡುಗೆಗೆ ರುಚಿ ಕೊಡುವ ಬಿಲ್ಲೆ ಮಾರುವ ಆಕ್ಸೊ ಕಂಪನಿಯ ಜಾಹೀರಾತಿನ ಗೃಹಿಣಿ ಕೇಟಿ ಗಂಡನಿಗೆ ರುಚಿಯಾಗಿ ಬೇಯಿಸುತ್ತಾ ವರ್ಷಗಟ್ಟಲೆ ನಗುತ್ತಲೇ ಇದ್ದಳು. ಬಟ್ಟೆಯ ಬಿಳುಪು, ಊಟದ ರುಚಿ ಎಲ್ಲದರ ಲೆಕ್ಕವೂ ಅವಳ ತಲೆಗೇ. ಕಾಲರ್‌ನಲ್ಲಿ ಕೊಳೆ ಉಳಿದರೆ ತಪ್ಪು ಸೋಪಿನದಲ್ಲ, ಹಾಕಿಕೊಂಡವನದೂ ಅಲ್ಲ.

ನಮ್ಮ ಸಿಂಧನೂರು ಕಡೆ ಈ ಬಿಳುಪು ಎಷ್ಟು ದುಬಾರಿ ಗೊತ್ತಲ್ವಾ? ಎರೆ ಹೊಲದಲ್ಲಿ ಕಳೆ ತೆಗೆದು ಬಂದವಳ ಸೀರೆಯ ಅಂಚಿಗೆ ಕರಿ ಮಣ್ಣು ಅಂಟಿದರೆ, ಮೊದಲು ನೆನೆಸಿ, ಉಜ್ಜಿ, ಆಮೇಲೆ ಬಂಡೆಗೆ ಬಡಿಯಬೇಕು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರಿದ್ದಾಗ ಅವ್ವ, ಚಿಗವ್ವ ಬುಟ್ಟಿ ಹೊತ್ತು ಹೋಗಿ, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ನಿಲ್ಲುತ್ತಿದ್ದರು. ಬೇಸಿಗೆಯಲ್ಲಿ ಕಾಲುವೆ ಬಂದ್. ಆಗ ಬೋರಿನ ಸವಳು ನೀರೇ ಗತಿ. ಅದಕ್ಕೆ ಎಷ್ಟು ಸೋಪು ತಿಕ್ಕಿದರೂ ನೊರೆ ಬರುವುದಿಲ್ಲ, ಬಟ್ಟೆಯ ಮೇಲೆ ಬೂದು ಬಣ್ಣದ ಪದರ ಕೂರುತ್ತದೆ. ನಮ್ಮ ಬಿಳಿ ಅಂಗಿಗೆ ಕೊನೆಗೆ ನೀಲಿ ಹಾಕಿ, ನೆರಳಲ್ಲಿ ಒಣಗಿಸುತ್ತಿದ್ದರು. ಆ ನೀರಿನ ಸುದ್ದಿ ಯಾವ ಜಾಹೀರಾತಿನಲ್ಲೂ ನಾನು ಕಂಡಿಲ್ಲ.

ಎಂಬತ್ತರ ದಶಕದಲ್ಲಿ ದೂರದರ್ಶನಕ್ಕೆ ಲಲಿತಾಜಿ ಬಂದಳು. ಅಗ್ಗದ ನಿರ್ಮಾ ಮನೆ ಮನೆ ಸೇರಿದಾಗ ಸರ್ಫ್ ಕಂಪನಿಗೆ ಬೇಕಾಗಿದ್ದ ಉತ್ತರ ಅವಳು. ಜಾಹೀರಾತು ಲೋಕದ ಅಲೀಕ್ ಪದಮ್ಸೀ ತಮ್ಮ ತಾಯಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಪಾತ್ರ. ತರಕಾರಿಯವನ ಹತ್ತಿರ ಚೌಕಾಸಿ ಮಾಡುವ, ಯಾರಿಗೂ ಅಂಜದ ಗೃಹಿಣಿ. ಅವಳಿಗೆ ಬುದ್ಧಿಯಿದೆ, ಲೆಕ್ಕ ಗೊತ್ತಿದೆ ಅಂತ ಒಪ್ಪಿಕೊಂಡಿದ್ದು ದೊಡ್ಡ ಮಾತು. ಆ ಪಾತ್ರ ಮಾಡಿದ ಕವಿತಾ ಚೌಧರಿ ಅವರೇ 1989ರಲ್ಲಿ 'ಉಡಾನ್' ಧಾರಾವಾಹಿ ಬರೆದು, ನಿರ್ದೇಶಿಸಿ, ಅದರಲ್ಲಿ ಐಪಿಎಸ್ ಅಧಿಕಾರಿಯಾಗಿ ನಟಿಸಿದರು. ನನಗೆ ಅವರ ಮೇಲೆ ಬಹಳ ಗೌರವ.

ಮೊನ್ನೆ ಫೋನಿನಲ್ಲಿ ಚಿಗವ್ವನಿಗೆ ಲಲಿತಾಜಿ ನೆನಪಿದೆಯಾ ಅಂತ ಕೇಳಿದೆ. "ನೆನಪಿಲ್ಲೇನು! ಆಕಿ ಚೌಕಾಸಿ ಚಲೋ ಮಾಡ್ತಿದ್ಲು. ಆದ್ರ ಆಕಿ ಸೀರಿ ಒಮ್ಮಿನೂ ತೊಯ್ದಿದ್ದಿಲ್ಲ ನೋಡಪಾ" ಅಂದಳು. ನಾನು ಇಷ್ಟು ವರ್ಷ ನೋಡಿದ್ದರಲ್ಲಿ ಇದಕ್ಕಿಂತ ಸರಿಯಾದ ವಿಮರ್ಶೆ ಕೇಳಿಲ್ಲ.

ಬ್ರಿಟನ್ನಿನಲ್ಲಿ ಜೂನ್ 2019ರಿಂದ ಗಂಡೆಂದರೆ ಹೀಗೇ, ಹೆಣ್ಣೆಂದರೆ ಹೀಗೇ ಅನ್ನುವ ಹಾನಿಕರ ಪಡಿಯಚ್ಚು ತೋರಿಸುವ ಜಾಹೀರಾತಿಗೆ ತಡೆಯಿದೆ. ಭಾರತದಲ್ಲೂ ಜಾಹೀರಾತು ಮಾನದಂಡ ಮಂಡಳಿ 2022ರಲ್ಲಿ ಇಂಥದೇ ಮಾರ್ಗಸೂಚಿ ತಂದಿತು. ಒಳ್ಳೆಯದೇ. ಆದರೂ ಊರಿಗೆ ಬಂದಾಗ ಟಿವಿ ಹಚ್ಚಿದರೆ ಮಗನ ಅಂಗಿಯ ಕಲೆ ನೋಡಿ ಗಾಬರಿಯಾಗುವವಳು ಹೆಚ್ಚಾಗಿ ಅಮ್ಮನೇ.

ರಾಯಚೂರು, ಸಿಂಧನೂರು, ಗಂಗಾವತಿ ಕಡೆ ಹಳೇ ಕಿರಾಣಿ ಅಂಗಡಿ ಇಟ್ಟವರು ನಿಮಗೆ ಪರಿಚಯವಿದ್ದರೆ ಒಂದು ಸಹಾಯ ಮಾಡಿ. ಸೋಪಿನ ತಗಡಿನ ಬೋರ್ಡು, ಕ್ಯಾಲೆಂಡರ್ ಏನಾದರೂ ಉಳಿದಿದ್ದರೆ ಫೋಟೊ ತೆಗೆದು ಕಳಿಸಿ. ಜೊತೆಗೆ ಆ ಮನೆಯಲ್ಲಿ ಆಗ ಬಟ್ಟೆ ಯಾರು ಒಗೆಯುತ್ತಿದ್ದರು, ಯಾವ ನೀರಿನಲ್ಲಿ ಅಂತಲೂ ಕೇಳಿ ಬರೆಯಿರಿ.