ಮಾಗಡಿ ಕೆರೆಯಲ್ಲಿ ಹೆಬ್ಬಾತು ಬಿಟ್ಟು ಉಳಿದದ್ದನ್ನು ಎಣಿಸಿದ್ದು

ಜನವರಿ ಬಂತೆಂದರೆ ಗದಗ ಜಿಲ್ಲೆಯ ಮಾಗಡಿ ಕೆರೆಯ ಫೋಟೋ ಪೇಪರಿನಲ್ಲಿ ಬರಲೇಬೇಕು. ಪಟ್ಟೆ ತಲೆ ಹೆಬ್ಬಾತುಗಳ ದಂಡು, ಕೆಳಗೆ ‘ಮಂಗೋಲಿಯಾದ ಅತಿಥಿಗಳು’ ಅನ್ನೋ ಸಾಲು. ನೀರುಹಕ್ಕಿ ಎಣಿಕೆಗೆ ಬರ್ತೀಯಾ ಅಂತ ಗೆಳೆಯ ಕೇಳಿದಾಗ ನಾನು ಹೂಂ ಅಂದದ್ದೂ ಅವುಗಳ ಆಸೆಗೇ. ಆದರೆ ಕೆರೆ ಏರಿಯ ಮೇಲೆ ಕೆಲಸ ಹಂಚುವಾಗ ನಮ್ಮ ತಂಡದ ಮೇಷ್ಟ್ರು ನನ್ನ ಕೈಗೆ ಬೇರೆ ಹಾಳೆ ಕೊಟ್ಟರು. "ಹೆಬ್ಬಾತು ಎಣಿಸೋಕೆ ಎಲ್ಲರೂ ರೆಡಿ ಇರ್ತಾರೆ. ನೀವು ಅವನ್ನು ಬಿಟ್ಟು ಉಳಿದದ್ದು ನೋಡಿ" ಅಂದರು.

ಸ್ವಲ್ಪ ಬೇಜಾರಾಯಿತು. ಹುಬ್ಬಳ್ಳಿಯಿಂದ ಕತ್ತಲಲ್ಲೇ ಎದ್ದು, ಲಕ್ಷ್ಮೇಶ್ವರದಲ್ಲಿ ಬರೀ ಚಹಾ ಕುಡಿದು ಬಂದಿದ್ದು ಇದಕ್ಕಾ ಅನ್ನಿಸಿತು.

ಮಾಗಡಿಯದ್ದು ಮಳೆನೀರು ಹಿಡಿದು ಹೊಲಗಳಿಗೆ ಹರಿಸಲು ಜನರೇ ಕಟ್ಟಿಕೊಂಡ ಕೆರೆ. ಹೆಚ್ಚು ಕಡಿಮೆ 50 ಹೆಕ್ಟೇರ್. ಇಲ್ಲಿ 166 ಜಾತಿಯ ಹಕ್ಕಿಗಳು ದಾಖಲಾಗಿವೆ, ಅವುಗಳಲ್ಲಿ 130 ವಲಸೆ ಬರುವಂಥವು. ಚಳಿಗಾಲಕ್ಕೆ ಹೆಬ್ಬಾತುಗಳೇ ಸುಮಾರು 8,000 ಬರುತ್ತವೆ. 2024ರ ಜನವರಿ ಕೊನೆಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆ ಇದೂ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಕೆರೆ, ಜೌಗು ನೆಲಗಳ ಪಟ್ಟಿಗೆ, ಸೇರಿತು. ಆ ಪಟ್ಟಿಗೆ ಸೇರಲು ಹಲವು ಅಳತೆಗೋಲುಗಳಿವೆ. ಅದರಲ್ಲಿ ಒಂದು ಹೀಗಿದೆ: ಒಂದು ಜಾತಿಯ ಒಟ್ಟು ನೀರುಹಕ್ಕಿಗಳಲ್ಲಿ ನೂರಕ್ಕೆ ಒಂದಾದರೂ ಆ ಜಾಗಕ್ಕೆ ನಿಯಮಿತವಾಗಿ ಬರುತ್ತಿರಬೇಕು. ಯಾರೋ ಚಳಿಯಲ್ಲಿ ನಿಂತು ಎಣಿಸದೇ ಇದ್ದರೆ ಅದು ಗೊತ್ತಾಗೋದು ಹೇಗೆ? ಏಷ್ಯಾದ ಈ ನೀರುಹಕ್ಕಿ ಎಣಿಕೆ ಶುರುವಾಗಿದ್ದು 1987ರಲ್ಲಿ. ಪ್ರತಿ ಜನವರಿಯಲ್ಲಿ ನಡೆಯುತ್ತದೆ.

ಬಿಸಿಲು ಏರುತ್ತಿದ್ದಂತೆ ಹೊಲಗಳಿಗೆ ಮೇಯಲು ಹೋಗಿದ್ದ ಹೆಬ್ಬಾತುಗಳು ಗುಂಪು ಗುಂಪಾಗಿ ವಾಪಸ್ ಬಂದವು. ಆ ಗದ್ದಲ ಕೇಳಿಯೇ ತಿಳಿಯಬೇಕು. ಪಕ್ಕದ ತಂಡದವರು ನೂರು ಹಕ್ಕಿಗಳ ಒಂದು ಗುಂಪನ್ನು ಕಣ್ಣಲ್ಲಿ ಹಿಡಿದು, ಅಂಥವು ಎಷ್ಟಿವೆ ಅಂತ ಲೆಕ್ಕ ಹಾಕುತ್ತಿದ್ದರು. ಇಬ್ಬರು ಬೇರೆ ಬೇರೆ ಎಣಿಸಬೇಕು, ಆಮೇಲೆ ತಾಳೆ ನೋಡಬೇಕು. ಅಷ್ಟರಲ್ಲಿ ಏರಿ ಮೇಲೊಂದು ನಾಯಿ ಓಡಿ ಬಂತು, ಇಡೀ ದಂಡು ಎದ್ದಿತು, ಎಲ್ಲರೂ ಮತ್ತೆ ಮೊದಲಿನಿಂದ! ನಾನೂ ಹಾಳೆ ಬಿಟ್ಟು ಅದನ್ನೇ ನೋಡುತ್ತಾ ನಿಂತೆ. ಹಿಮಾಲಯ ದಾಟುವಾಗ ಇವು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ಬೆನ್ನಿಗೆ ಕಟ್ಟಿದ ಉಪಕರಣದಲ್ಲಿ ದಾಖಲಾಗಿದೆ. ನೋಡಬೇಕಾದ ಹಕ್ಕಿಯೇ ಬಿಡಿ.

ಆದರೆ ಅದಕ್ಕೆ ಸದ್ಯಕ್ಕೆ ಅಳಿವಿನ ಭಯ ಇಲ್ಲ. ಪೇಪರಿನವರು ಇದನ್ನೂ ಬರೆದರೆ ಚೆನ್ನಾಗಿತ್ತು. ಅಪಾಯದ ಪಟ್ಟಿಯಲ್ಲಿರುವ ಹಕ್ಕಿಗಳೂ ಇದೇ ಕೆರೆಯಲ್ಲಿವೆ, ನನ್ನ ಹಾಳೆಯಲ್ಲಿ ಇದ್ದದ್ದು ಅವೇ.

ಮೊದಲನೆಯದು ಕಾಮನ್ ಪೋಚಾರ್ಡ್ ಅನ್ನೋ ಬಾತು. ಹೆಸರಲ್ಲೇನೋ ‘ಕಾಮನ್’ ಇದೆ, ಆದರೆ 2015ರಲ್ಲಿ ಅದನ್ನು ಅಪಾಯಕ್ಕೆ ಒಳಗಾದ ಜಾತಿಗಳ ಸಾಲಿಗೆ ಸೇರಿಸಿದರು. ಹಗಲೆಲ್ಲ ನೀರಿನ ನಡುವೆ ನಿದ್ದೆ, ಮೇಯುವುದು ಹೆಚ್ಚಾಗಿ ರಾತ್ರಿ. ಕೊಕ್ಕು ಬೆನ್ನಿನ ಗರಿಯೊಳಗೆ ತುರುಕಿ ಮಲಗಿದರೆ ಕೆಂಪು ತಲೆ ಸರಿಯಾಗಿ ಕಾಣುವುದೇ ಇಲ್ಲ. ಮೇಷ್ಟ್ರು ಹೇಳಿಕೊಟ್ಟರು: "ತಲೆ ಹುಡುಕಬೇಡಿ. ಹಿಂದೆ ಮುಂದೆ ಕಪ್ಪು, ನಡುವೆ ತಿಳಿ ಬೂದಿ. ಅದು ಗಂಡು." ಸ್ಕೋಪಿಗೆ ಕಣ್ಣು ಹಚ್ಚಿ ಕೂತೆ. ಸುತ್ತ ನಾಮದ ಕೋಳಿಗಳು ಮುಳುಗೇಳುತ್ತಿದ್ದವು. ಅವುಗಳ ಆಚೆ ಬೂದಿ ಬೆನ್ನೊಂದು ತೇಲುತ್ತಿತ್ತು. ಬಹಳ ಹೊತ್ತಾದ ಮೇಲೆ ಅದು ಕೊಕ್ಕು ಹೊರಗೆ ತೆಗೆಯಿತು. ಇಟ್ಟಿಗೆ ಬಣ್ಣದ ತಲೆ, ಕೆಂಪು ಕಣ್ಣು. ಒಂದು ಸಲ ಆ ಕಡೆ ಈ ಕಡೆ ನೋಡಿ ಮತ್ತೆ ಮಲಗಿತು.

ಗಂಡು, ಹೆಣ್ಣು ಬೇರೆ ಬೇರೆ ಬರೆಯಿರಿ ಅಂತಲೂ ಹೇಳಿದ್ದರು. ಯುರೋಪಿನ ಎಣಿಕೆಗಳಲ್ಲಿ ಹೆಣ್ಣಿನ ಪಾಲು ಕಡಿಮೆಯಾಗುತ್ತಾ ಬಂದಿರುವುದು ಕಂಡುಬಂದಿದೆಯಂತೆ. ಕಾವು ಕೂರುವ ಹೆಣ್ಣೇ ಕಡಿಮೆಯಾದರೆ ಮುಂದೆ ಏನು ಅಂತ ಬೇರೆ ಹೇಳಬೇಕಾ? ಹೆಣ್ಣು ಮಾಸಲು ಕಂದು, ಕಣ್ಣಿನ ಹಿಂದೆ ಬಿಳಿಚಿದ ಗೆರೆ. ಸಿಕ್ಕಿದ್ದು ತೀರಾ ಕಡಿಮೆ.

ಎತ್ತು ಹೊಡೆದುಕೊಂಡು ಹೊರಟಿದ್ದ ರೈತರೊಬ್ಬರು ನಿಂತರು. "ಏನ್ ಎಣಸ್ತೀರ್ರಿ ಇಲ್ಲೆ? ರಾತ್ರಿ ನಮ್ಮ ಹೊಲಕ್ಕ ಬರ್ರಿ, ಕಡ್ಲಿ ಸಾಲಿನಾಗ ಎಣಸೂಣಂತ." ಹೆಬ್ಬಾತು ಬೆಳೆ ತಿನ್ನುವ ಸಿಟ್ಟು ಅದು. ನ್ಯಾಯವಾದದ್ದೇ. ಮರುಕ್ಷಣ ತಾವೇ, "ಹಿಕ್ಕಿ ನೀರಾಗ ಬೀಳತೈತಿ, ಆ ನೀರು ಹೊಲಕ್ಕ ಗೊಬ್ಬರಾನೂ ಆಗತೈತಿ ಬಿಡ್ರಿ" ಅಂದರು. ಸ್ಕೋಪಿನಲ್ಲಿ ಪೋಚಾರ್ಡ್ ತೋರಿಸಿದೆ. ನೋಡಿ ನಕ್ಕುಬಿಟ್ಟರು. "ಮಲ್ಕೊಂಡೈತಲ್ರಿ ಇದು! ಇದನ್ನ ನೋಡಾಕ ಹುಬ್ಬಳ್ಳಿಂದ ಬಂದ್ರಿ?"

ಹಾಳೆಯಲ್ಲಿದ್ದ ಎರಡನೆಯ ಹಕ್ಕಿಯ ವಿಷಯದಲ್ಲಿ ಅವರೇ ನಮಗೆ ಮೇಷ್ಟ್ರಾದರು. ಅದು ನದಿ ರೀವ. ಬೂದು ಮೈ, ಉದ್ದ ಹಳದಿ ಕೊಕ್ಕು, ಕತ್ತರಿಯಂತೆ ಸೀಳಿದ ಬಾಲ. ನೀರಿನ ಮೇಲೆ ಹಾರಾಡುತ್ತಿದ್ದದ್ದು ಕೈಬೆರಳಲ್ಲಿ ಎಣಿಸುವಷ್ಟು. ಇದು ವಿದೇಶದಿಂದ ಬರುವುದಲ್ಲ, ನಮ್ಮದೇ ಹೊಳೆಗಳ ಹಕ್ಕಿ. ಬೇಸಿಗೆಯಲ್ಲಿ ನೀರು ಇಳಿದಾಗ ಮರಳ ದಿಬ್ಬದ ಮೇಲೆ, ನಡುಗಡ್ಡೆಯ ಬಯಲು ನೆಲದಲ್ಲಿ ಮೊಟ್ಟೆ ಇಡುತ್ತದೆ. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಮರಿ ಮಾಡುತ್ತದೆ. ಬಯಲಿನ ಮೊಟ್ಟೆಗೆ ನಾಯಿ, ದನ, ಇದ್ದಕ್ಕಿದ್ದಂತೆ ಬಿಟ್ಟ ಅಣೆಕಟ್ಟಿನ ನೀರು, ಮರಳು ತುಂಬುವ ಲಾರಿ ಎಲ್ಲವೂ ಕಂಟಕ.

"ಇದು ಗೊತ್ತೈತ್ರಿ" ಅಂದರು ಆ ರೈತರು. ತುಂಗಭದ್ರೆಯ ದಂಡೆಯಲ್ಲಿ ಅವರ ಬೀಗರ ಊರಂತೆ. "ಬ್ಯಾಸಗ್ಯಾಗ ಉಸುಕಿನಾಗ ತತ್ತಿ ಇಡತಾವು. ಸನೇಕ ಹೋದ್ರ ತಲಿ ಮ್ಯಾಲ ಬಂದು ಕುಕ್ಕತಾವು. ಈಗ ಉಸುಕು ಎಲ್ಲಿ ಉಳದೈತ್ರಿ?"

ಅಷ್ಟು ಹೊತ್ತು ಸುಮ್ನೆ ಟಿಕ್ ಹಾಕುತ್ತಿದ್ದ ನನಗೆ ಈ ಮಾತು ಹಿಡಿಯಿತು. ರೀವಗಳು ಜನವರಿಯಲ್ಲಿ ಈ ಕೆರೆಯಲ್ಲಿ ಮೀನು ಹಿಡಿಯಬಹುದು, ಆದರೆ ಅವುಗಳ ಕಷ್ಟ ಇರುವುದು ಏಪ್ರಿಲ್‌ನಲ್ಲಿ, ಹೊಳೆಯಲ್ಲಿ. ಕೆರೆಗೆ ರಾಮ್ಸಾರ್ ಬೋರ್ಡು ಹಾಕಿದರೆ ಹೊಳೆಯ ಮರಳಿಗೆ ಕಾವಲು ಸಿಗುವುದಿಲ್ಲ, ಅಲ್ವಾ?

ಹೆಬ್ಬಾತಿನ ತಂಡದವರು ಇಬ್ಬರ ಲೆಕ್ಕ ತಾಳೆಯಾಗದೆ ಇನ್ನೂ ಜಗಳಾಡುತ್ತಿದ್ದರು. ನಾವು ಮರದ ಕೆಳಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಬೇಸಿಗೆಯಲ್ಲಿ ಹೊಳೆದಂಡೆಗೆ ಹೋಗಿ ದೂರದಿಂದಲೇ ಗೂಡು ಎಣಿಸೋಣ ಅಂತ ಮಾತು ತೆಗೆದೆ. ಮೇಷ್ಟ್ರು ಕೂಡಲೇ ಒಪ್ಪಿದರು, ತಾಯಿ ಗೂಡಿನಿಂದ ಎದ್ದರೆ ಮರಿಗಳು ಬಿಸಿಲಿಗೆ ಸಾಯುತ್ತವೆ, ಅದು ಏಳದಷ್ಟು ದೂರ ನಿಲ್ಲಬೇಕು ಅಂತ ಷರತ್ತು ಹಾಕಿದರು. ಉಳಿದವರಲ್ಲಿ ಒಬ್ಬ ಏಪ್ರಿಲ್ ಬಿಸಿಲು ಅಂದ, ಇನ್ನೊಬ್ಬ ಮದುವೆ ಸೀಸನ್ ಅಂದ. ಆ ರೈತರು ಮಾತ್ರ ಬೀಗರ ಫೋನ್ ನಂಬರ್ ಬರೆಸಿ, ಉಸುಕು ತುಂಬಲು ಲಾರಿ ಬರುವ ಹೊತ್ತು ಯಾವುದು ಅಂತಲೂ ಹೇಳಿ, ಎತ್ತು ಹೊಡೆದುಕೊಂಡು ಹೋದರು.